ಕಂಬಳಿಯವಳು ಅತ್ತ ದಿನ

ಊರುಗಳಿಗೆ ಇನ್ನೂ ಹೆಸರು ಅಂಟದಿದ್ದ ಕಾಲದಲ್ಲಿ, ಸೂರ್ಯ ಹುಟ್ಟುವ ಕಡೆಯ ಹುಲ್ಲುಗಾವಲಿನಿಂದ ಸೂರ್ಯ ಮುಳುಗುವ ಕಡೆಗೆ ಒಂದು ಕುಲ ನಡೆಯುತ್ತಿತ್ತು. ದಾರಿಯಲ್ಲಿ ಸಿಕ್ಕವರು ಅವರನ್ನು ಬುಲ್ಗಾರರು ಎಂದು ಕರೆದರು. ಅವರು ತಮ್ಮನ್ನು ಕರೆದುಕೊಂಡದ್ದು ‘ನಾವು’ ಎಂದಷ್ಟೇ. ಚರಿತ್ರೆಯ ಪುಸ್ತಕಗಳಲ್ಲಿ ಅವರ ಬಗ್ಗೆ ಬೇಕಾದಷ್ಟು ಇದೆ. ಈ ಕಥೆ ಮಾತ್ರ ಅಲ್ಲಿಲ್ಲ, ಹುಡುಕಲು ಹೋಗಬೇಡಿ.

ಆ ಕುಲಕ್ಕೆ ಒಂದು ಕಟ್ಟಳೆ ಇತ್ತು. ತಮ್ಮವರ ಕಣ್ಣೀರು ಬಿದ್ದ ನೆಲದ ಮೇಲೆ ಮತ್ತೆ ಮಲಗಬಾರದು. ಹಲ್ಲು ಬಾರದ ಕೂಸಿನ ಅಳು ಲೆಕ್ಕಕ್ಕಿಲ್ಲ. ಒಲೆಯ ಹೊಗೆಗೆ ಬಂದ ನೀರೂ ಲೆಕ್ಕಕ್ಕಿಲ್ಲ. ಮಿಕ್ಕಂತೆ ಯಜಮಾನನದೇ ಆಗಲಿ, ಕುರಿ ಕಾಯುವವನದೇ ಆಗಲಿ, ಒಂದು ಹನಿ ಮಣ್ಣಿಗೆ ಬಿತ್ತೆಂದರೆ ಮುಗಿಯಿತು. ಸೂರ್ಯ ಮುಳುಗುವ ಮೊದಲು ಡೇರೆ ಇಳಿಸು, ಕೋಲು ಕಟ್ಟು, ಬೆಂಕಿ ಎತ್ತು, ಹೊರಡು.

ಹೀಗಾಗಿ ಅವರು ಅಳುವುದರಲ್ಲಿ ಬಹಳ ಜಿಪುಣರಾದರು, ನಗುವುದರಲ್ಲಿ ಧಾರಾಳಿಗಳಾದರು. ಸೊಸೆಯನ್ನು ಬಯ್ಯುವ ಮೊದಲು ಅತ್ತೆ ಒಮ್ಮೆ ಆಕಾಶ ನೋಡುತ್ತಿದ್ದಳು. ಮಳೆ ಬರುವಂತಿದ್ದರೆ ಬಯ್ಗುಳ ನಾಳೆಗೆ. ಜಾಗ ಬೇಸರವಾದ ಹುಡುಗಿಯರಿಗೆ ಇದ್ದಕ್ಕಿದ್ದ ಹಾಗೆ ಸತ್ತ ಅಜ್ಜಿಯ ನೆನಪು ಉಕ್ಕಿ ಬರುತ್ತಿತ್ತು. ಎಲ್ಲರಿಗೂ ಒಳಗುಟ್ಟು ಗೊತ್ತಿದ್ದರೂ ಕಟ್ಟಳೆ ಕಟ್ಟಳೆಯೇ. ಆ ಕುಲದ ಐವರು ಅಣ್ಣತಮ್ಮಂದಿರು ಜಗಳವಾಡಿ ಐದು ದಿಕ್ಕಿಗೆ ಹೋದರು ಎಂದು ಹೊರಗಿನವರು ಹೇಳುತ್ತಾರೆ. ಶುದ್ಧ ಸುಳ್ಳು. ಅವರ ಐದು ಬಿಡಾರಗಳಲ್ಲಿ ಬೇರೆ ಬೇರೆ ದಿನ ಅತ್ತರು, ಅಷ್ಟೇ.

ಐವರಲ್ಲಿ ಒಬ್ಬನ ಬಿಡಾರದ ಕಥೆ ಇದು. ಅವನನ್ನು ಯಜಮಾನ ಎನ್ನೋಣ. ಕುದುರೆಬಾಲ ಕಟ್ಟಿದ ಕೋಲು ಅವನ ಕೈಯಲ್ಲಿರುತ್ತಿತ್ತು. ಅವನ ಎಡಗಡೆ ಕಟ್ಟಳೆಗಾರ ಕೂರುತ್ತಿದ್ದ. ಕುಲದ ಕಟ್ಟಳೆಯೆಲ್ಲ ಅವನ ಬಾಯಲ್ಲೇ ಇತ್ತು, ಹಲ್ಲು ಮಾತ್ರ ಇರಲಿಲ್ಲ. ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಇವರಿಬ್ಬರ ಕೆಲಸವಲ್ಲ. ಅದನ್ನು ಹೇಳುವವಳು ಬಿಳಿ ಕುದುರೆ. ಹೊರಟ ದಿನ ಆ ಹೆಣ್ಣುಕುದುರೆಯ ಹಗ್ಗ ಬಿಚ್ಚಿ ಮುಂದೆ ಬಿಡುತ್ತಿದ್ದರು. ಅದು ಎಲ್ಲಿ ತಲೆ ತಗ್ಗಿಸಿ ನೆಲಕ್ಕೆ ಬಾಯಿ ಹಾಕುತ್ತದೋ, ಯಜಮಾನ ಕೋಲನ್ನು ಮೂರು ಸಲ ನೆಲಕ್ಕೆ ಬಡಿದರೂ ತಲೆ ಎತ್ತುವುದಿಲ್ಲವೋ, ಅಲ್ಲೇ ಡೇರೆ.

ಕೊನೆಗೆ ಬರುವವಳು ಕಂಬಳಿಯವಳು. ಕಣ್ಣು ತುಂಬಿಕೊಂಡವರು ಎಲ್ಲಿದ್ದರೂ ಓಡಿಹೋಗಿ ಅವರ ಗದ್ದದ ಕೆಳಗೆ ಕಂಬಳಿ ಹಿಡಿಯುವುದು ಅವಳ ಕೆಲಸ. ಹನಿ ಕಂಬಳಿಗೆ ಬಿದ್ದರೆ ನೆಲಕ್ಕೆ ಬಿದ್ದಂತಲ್ಲ. ಉಣ್ಣೆಯನ್ನು ನೆನೆಸಿ, ಕಾಲಲ್ಲಿ ತುಳಿದು, ಉರುಳಿಸಿ ಮಾಡಿದ ದಪ್ಪ ಕಂಬಳಿ ಅದು. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಬಂದದ್ದು. ಸವೆದ ಕಡೆ ಹೊಸ ಉಣ್ಣೆ ತುಳಿದು ಸೇರಿಸಬಹುದು, ಒಗೆಯುವಂತಿಲ್ಲ. ಒಗೆದ ನೀರನ್ನು ಎಲ್ಲಿ ಚೆಲ್ಲುವುದು? ಎಷ್ಟೋ ತಲೆಮಾರಿನ ಉಪ್ಪು ಕೂತು ಅದು ಹಲಗೆಯಂತಾಗಿತ್ತು, ಮಡಚಿದರೆ ಹಪ್ಪಳದ ಸದ್ದು ಬರುತ್ತಿತ್ತು. ಉಪ್ಪಿನ ಆಸೆಗೆ ಒಂದೆರಡು ಕುದುರೆಗಳು ಯಾವಾಗಲೂ ಅವಳ ಬೆನ್ನ ಹಿಂದೆಯೇ. ಅವಳು ಅವುಗಳ ಮೂತಿಗೆ ತಟ್ಟಿ ದೂರ ತಳ್ಳುತ್ತ ತಳ್ಳುತ್ತ ಕುಲದ ದುಃಖ ಹೊತ್ತು ತಿರುಗುತ್ತಿದ್ದಳು. ಎಲ್ಲರ ಗದ್ದದ ಕೆಳಗೂ ಕಂಬಳಿ ಹಿಡಿದ ಅವಳ ಗದ್ದದ ಕೆಳಗೆ ಯಾರೂ ಎಂದೂ ಏನೂ ಹಿಡಿದಿರಲಿಲ್ಲ. ಅವಳು ಅತ್ತಿರಲೇ ಇಲ್ಲ.

ನಡೆದು ನಡೆದು ಬಿಡಾರ ದೊಡ್ಡ ಹೊಳೆಗೆ ಬಂತು. ಊದಿದ ತೊಗಲಿನ ಚೀಲಗಳ ಮೇಲೆ ಬಂಡಿ ತೇಲಿಸಿ, ಕುದುರೆಬಾಲ ಹಿಡಿದು ಈಜಿ, ದಾಟಿದರು. ಆಚೆ ದಡದಲ್ಲಿ ಒಂದು ಮೂಲೆ. ಒಂದು ಕಡೆ ಹೊಳೆ, ಒಂದು ಕಡೆ ಜೌಗು, ಬೆನ್ನಿಗೆ ಬೆಟ್ಟ. ಹುಲ್ಲು ಎಷ್ಟಿತ್ತೆಂದರೆ ಕುದುರೆ ಮೇಲೆ ಕೂತವನ ಪಾದ ಇಬ್ಬನಿಗೆ ಒದ್ದೆಯಾಗುತ್ತಿತ್ತು. ಬಿಳಿ ಕುದುರೆ ತಲೆ ತಗ್ಗಿಸಿತು. ಕೋಲು ಮೂರು ಸಲ ಬಡಿಯಿತು. ತಲೆ ಏಳಲಿಲ್ಲ. ಡೇರೆಗಳು ಎದ್ದವು.

ಅಲ್ಲಿ ಮೊದಲಿನಿಂದಲೂ ಉಳುವವರಿದ್ದರು. ಅವರ ಮನೆಗಳು ಅರ್ಧ ನೆಲದೊಳಗೆ, ಅರ್ಧ ಹೊರಗೆ. ಬಾಗಿಲು ದಾಟಿದರೆ ಮೆಟ್ಟಿಲಿಳಿಯಬೇಕು. ನಮ್ಮವರು ಅದನ್ನು ನೋಡಿ, "ಪಾಪ, ಹೆಗ್ಗಣಗಳ ಜೊತೆ ಸಂಸಾರ ಮಾಡ್ತಾರೆ," ಎಂದು ನಕ್ಕರು. ಉಳುವವರು ಡೇರೆಗಳನ್ನು ನೋಡಿ, "ಮನೇನ ಮಡಚಿಡೋ ಜನ. ಇವರ ಮನೇಲಿ ಹಾಲು ಹೆಪ್ಪಿಗೆ ಹಾಕಿದ್ರೆ ಮೊಸರಾಗೋ ಹೊತ್ತಿಗೆ ಇರಲ್ಲ," ಎಂದು ಮೂಗು ಮುರಿದರು. ಇಷ್ಟಾದರೂ ಅವರಲ್ಲಿ ಒಬ್ಬಳು, ನವಣೆ ಬಿತ್ತುವವಳು, ದಿನಾ ಒಂದು ಗಡಿಗೆ ಗಂಜಿ ಹೊತ್ತು ಬಂದು ಕಂಬಳಿಯವಳ ಡೇರೆಯ ಮುಂದೆ ಕೂರುತ್ತಿದ್ದಳು. ಬದಲಿಗೆ ಹುಳಿ ಬಂದ ಕುದುರೆ ಹಾಲು ಕುಡಿದು, ಮುಖ ಕಿವುಚಿ, ಇನ್ನೊಂದು ಬಟ್ಟಲು ಕೇಳುತ್ತಿದ್ದಳು.

ಯಜಮಾನನಿಗೆ ಜಾಗ ಹಿಡಿಸಿತು. ಅದಕ್ಕಿಂತ ಹೆಚ್ಚಾಗಿ, ಬೇರೆ ದಾರಿಯೂ ಇರಲಿಲ್ಲ. ಹೊಳೆ ದಾಟುವಾಗ ಬಂಡಿಗಳ ಅಚ್ಚು ಬಿರುಕು ಬಿಟ್ಟಿದ್ದವು. ಹೆಣ್ಣುಕುದುರೆಗಳೆಲ್ಲ ಗಬ್ಬವಾಗಿದ್ದವು. ಬೆಟ್ಟದ ತುದಿಯಲ್ಲಿ ಆಗಲೇ ಬಿಳಿ ಕಾಣಿಸಿತ್ತು. ಈ ಚಳಿಗಾಲ ದಾರಿಗೆ ಬಿದ್ದರೆ ಮರಿಗಳು ಉಳಿಯುವುದಿಲ್ಲ, ಮರಿಗಳಿಲ್ಲದಿದ್ದರೆ ಕುಲವೂ ಉಳಿಯುವುದಿಲ್ಲ. ಅವನು ಎಲ್ಲರನ್ನೂ ಕರೆದು ಹೇಳಿದ: "ಮರಿ ಹಾಕೋವರೆಗೂ ಯಾರೂ ಅಳಬಾರದು. ಅತ್ತೆಯರು ಸುಮ್ಮನಿರಬೇಕು. ಗಂಡಂದಿರು ಬೇಗ ಡೇರೆಗೆ ಬರಬೇಕು. ದುಃಖದ ಹಾಡು ಬಂದ್. ಯಾರಿಗಾದರೂ ತಡಕೊಳ್ಳೋಕೆ ಆಗದಿದ್ರೆ ಕಂಬಳಿಯವಳನ್ನ ಕೂಗಿ."

ಎಲ್ಲರೂ ತಲೆಯಾಡಿಸಿದರು. ಆ ದಿನಗಳಲ್ಲಿ ಬಿಡಾರದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಎಷ್ಟು ಒಳ್ಳೆಯವರಾಗಿದ್ದರೆಂದರೆ, ನೋಡಿದವರಿಗೆ ಅನುಮಾನ ಬರಬೇಕು.

ಆಗ ಕಂಬಳಿಯವಳ ಅವ್ವ ಹಾಸಿಗೆ ಹಿಡಿದಳು.

ಈ ಅವ್ವ ಹಿಂದೆ ತಾನೇ ಕಂಬಳಿಯವಳಾಗಿದ್ದವಳು. ಅವಳು ಹೊತ್ತ ಕಣ್ಣೀರು ಬಿಡಾರದ ಹಿರಿಯರಿಗೆಲ್ಲ ಗೊತ್ತು. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಒಂದು ಬೆಳಿಗ್ಗೆ ಮಗಳನ್ನು ಹತ್ತಿರ ಕರೆದಳು.

"ನನ್ನ ಕೈಲಿ ಇನ್ನು ಬಂಡಿ ಹತ್ತೋಕಾಗಲ್ಲ ಮಗಳೇ."

"ಹತ್ತೋದು ಬೇಡ ಅವ್ವ. ಇಲ್ಲೇ ಇರ್ತೀವಂತೆ, ಯಜಮಾನರು ಹೇಳಿದ್ದಾರೆ."

"ಅವನು ಹೇಳಿದ್ದು ನಿಮಗೆ. ನನ್ನ ದಾರಿ ಬೇರೆ." ಅವ್ವ ಸ್ವಲ್ಪ ಹೊತ್ತು ಉಸಿರು ಹುಡುಕಿದಳು. "ನಮ್ಮವ್ವನ್ನ ಒಂದು ಹೊಳೆ ದಂಡೇಲಿ ಮಣ್ಣು ಮಾಡಿ ಬಂದೆ. ಕುದುರೆ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತು, ಗುಡ್ಡ ಮರೆಯಾಗೋವರೆಗೂ ನೋಡ್ತಾ ಬಂದೆ. ಗದ್ದದ ಕೆಳಗೆ ಕಂಬಳಿ ಇತ್ತು. ಒಂದು ಹನಿ ಅವಳ ಮಣ್ಣಿಗೆ ಬೀಳಲಿಲ್ಲ ಕಣೇ. ಒಂದೇ ಒಂದು. ನಮ್ಮ ಕುಲದಲ್ಲಿ ಸತ್ತವರೆಲ್ಲ ಒಣಗಿಕೊಂಡೇ ಮಲಗಿದ್ದಾರೆ."

ಮಗಳು ಅವ್ವನ ಹೊದಿಕೆ ಸರಿಮಾಡಿದಳು.

"ನೀನು ಅಳಬೇಕು. ಕಂಬಳಿ ಮೇಲಲ್ಲ, ನನ್ನ ಮಣ್ಣಿನ ಮೇಲೆ. ಮಾತು ಕೊಡು."

"ಅವ್ವ, ಚಳಿ ಬಂದಾಯ್ತು. ಕುದುರೆಗಳ ಹೊಟ್ಟೆ ನೋಡು. ನಾನು ಅತ್ತರೆ ಇಡೀ ಕುಲ ಎದ್ದು ಹೋಗಬೇಕು, ನಿನ್ನನ್ನೂ ಇಲ್ಲಿ ಬಿಟ್ಟು."

"ಬಿಡಿ. ಬಿಡಬೇಡಿ ಅಂತ ನಾನು ಹೇಳಿದ್ನಾ? ಒದ್ದೆ ಮಾಡಿ ಬಿಡಿ ಅಂದೆ, ಅಷ್ಟೇ."

ಮಗಳು ಅವ್ವನ ಕೈ ಹಿಡಿದಳು. ಆ ಕೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಬೇಡ ಎನ್ನುವುದು ಅವಳಿಂದಾಗಲಿಲ್ಲ. "ಆಯ್ತವ್ವ," ಎಂದಳು.

"ಇನ್ನೊಂದು. ಆ ಕಂಬಳೀನ ನನಗೇ ಸುತ್ತು. ಚಳಿಯಾಗುತ್ತೆ."

ಇಷ್ಟು ಹೇಳಿ ಅವ್ವ ಬೇರೇನೋ ತಮಾಷೆ ನೆನಪಾದವಳಂತೆ ಕಣ್ಣು ಮುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ಸುದ್ದಿ ಹಬ್ಬಿದ್ದೇ ತಡ, ಬಿಡಾರ ಗಡಗಡ ನಡುಗಿತು. ಕಂಬಳಿಯವಳು ಎಂದೂ ಅತ್ತವಳಲ್ಲ, ನಿಜ. ಆದರೆ ಈವರೆಗೆ ಅವಳ ಅವ್ವ ಸತ್ತಿರಲಿಲ್ಲ. ಯಜಮಾನ ಕಟ್ಟಳೆಗಾರನ ಮುಖ ನೋಡಿದ, ಕಟ್ಟಳೆಗಾರ ಆಕಾಶ ನೋಡಿದ. ಕೊನೆಗೆ ಯಜಮಾನನೇ ಒಂದು ತೀರ್ಮಾನಕ್ಕೆ ಬಂದ. ಅವಳನ್ನು ನಗಿಸಬೇಕು.

ಡೇರೆಗಳ ನಡುವೆ ಗುಂಡಿ ತೋಡಿದರು. ಮಣ್ಣು ಮಾಡುವ ಹೊತ್ತಿಗೆ ಇಡೀ ಕುಲ ಅವಳ ಸುತ್ತ ಸೇರಿ ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿತು. ಇಬ್ಬರು ದಢೂತಿ ಪೈಲ್ವಾನರು ಕುಸ್ತಿಗೆ ಬಿದ್ದು ಬೇಕೆಂದೇ ಇಬ್ಬರೂ ಸೋತರು. ಅತ್ತೆಯರು ಸೊಸೆಯರ ಹಾಗೆ ನಟಿಸಿದರು, ಸೊಸೆಯರು ಅತ್ತೆಯರ ಹಾಗೆ ನಟಿಸಿದರು, ಅದು ಸ್ವಲ್ಪ ಅತಿಯಾಗಿ ನಿಜವಾದ ಜಗಳವೇ ಆಗುವುದರಲ್ಲಿತ್ತು. ಕಟ್ಟಳೆಗಾರ ಹಲ್ಲಿಲ್ಲದ ಬಾಯಲ್ಲಿ ಶಿಳ್ಳೆ ಹಾಕಲು ಹೋಗಿ ಎದುರಿಗಿದ್ದವರ ಮುಖವನ್ನೆಲ್ಲ ಒದ್ದೆ ಮಾಡಿದ. ಯಜಮಾನ, ದೊಡ್ಡ ಹೊಳೆ ದಾಟಿಸಿದ ಯಜಮಾನ, ಕುದುರೆಯ ಮೇಲೆ ಹಿಂದುಮುಂದಾಗಿ ಕೂತು, ಬಾಲವನ್ನೇ ಲಗಾಮು ಮಾಡಿಕೊಂಡು ಗುಂಡಿಯ ಸುತ್ತ ಓಡಿಸಿದ. ಮೂರನೇ ಸುತ್ತಿಗೆ ಸಗಣಿಯ ಮೇಲೆ ಬಿದ್ದ. ಅದನ್ನು ಅವನು ಮೊದಲೇ ಯೋಚಿಸಿರಲಿಲ್ಲ.

ಕಂಬಳಿಯವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅವ್ವನ ಕಡೆ ತಿರುಗಿದಳು. ಇಂಥದ್ದನ್ನೆಲ್ಲ ಮೊದಲು ಹೇಳಬೇಕಾದದ್ದು ಅವ್ವನಿಗೇ, ಯಾವಾಗಲೂ ಅವ್ವನಿಗೇ. ಅವ್ವ ಕೇಳಿಸಿಕೊಳ್ಳಲಿಲ್ಲ. ಆಗ ಅವಳ ಮುಖ ಬದಲಾದದ್ದನ್ನು ಎಲ್ಲರೂ ನೋಡಿದರು.

ಯಜಮಾನ ಸಗಣಿ ಒರೆಸಿಕೊಳ್ಳುವುದನ್ನೂ ಮರೆತು ಓಡಿಬಂದ. ಅವಳ ಹೆಗಲ ಮೇಲಿದ್ದ ಕಂಬಳಿ ಎಳೆದು ತಾನೇ ಅವಳ ಗದ್ದದ ಕೆಳಗೆ ಹಿಡಿದ. ಕಂಬಳಿಯವಳು ಮೆಲ್ಲಗೆ ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಇದು ಅವ್ವನ ಕೆಲಸದ ಸಾಮಾನು ಯಜಮಾನರೇ. ಬಿಲ್ಲು ಹಿಡಿದವನ ಜೊತೆ ಬಿಲ್ಲು ಹೋಗುತ್ತೆ, ಹಾಡುವವನ ಜೊತೆ ತಂತಿ ಹೋಗುತ್ತೆ. ಅವಳ ಜೊತೆ ಇದು ಹೋಗಬೇಕಲ್ವಾ?"

ಯಜಮಾನ ಕಟ್ಟಳೆಗಾರನನ್ನು ನೋಡಿದ. "ಹೌದಪ್ಪ," ಎಂದ ಕಟ್ಟಳೆಗಾರ, "ಕಟ್ಟಳೆ ಹಾಗೇ ಇದೆ. ಕಂಬಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ."

"ಆಮೇಲೆ ನಿನಗೆ?" ಎಂದ ಯಜಮಾನ ಅವಳಿಗೆ.

"ನನ್ನದು ನಾನು ಹೊಸದಾಗಿ ತುಳಕೊಳ್ತೀನಿ."

ಅವಳು ಕಂಬಳಿಯನ್ನು ಅವ್ವನಿಗೆ ಸುತ್ತಿದಳು. ಅದು ಹಪ್ಪಳದ ಹಾಗೆ ಸದ್ದು ಮಾಡಿತು. ಗುಂಡಿಗೆ ಇಳಿಸಿದರು, ಮಣ್ಣು ಎಳೆದರು. ದಿಬ್ಬ ಎದ್ದಿತು. ಆಗಲೇ ಯಜಮಾನನಿಗೆ ಹೊಳೆದದ್ದು, ಈಗ ಬಿಡಾರದಲ್ಲಿ ಕಂಬಳಿಯೇ ಇಲ್ಲ ಎಂದು. ಅವನು ತಲೆಯ ಮೇಲಿನ ನರಿಚರ್ಮದ ಟೋಪಿ ತೆಗೆದು ನೋಡಿದ, ಅದು ತೂತು. ಕೊನೆಗೆ ಬೇರೇನೂ ತೋಚದೆ ಮೊಣಕಾಲೂರಿ, ಎರಡೂ ಕೈ ಬೊಗಸೆ ಮಾಡಿ ಅವಳ ಗದ್ದದ ಕೆಳಗೆ ಹಿಡಿದ.

"ತಾಯಿ, ಮರಿಗಳು," ಎಂದ.

"ಗೊತ್ತು."

"ಚಳಿ."

"ಗೊತ್ತು ಯಜಮಾನರೇ. ಅವ್ವನಿಗೆ ಮಾತು ಕೊಟ್ಟಿದ್ದೀನಿ. ಕೈ ತೆಗೀರಿ."

ಯಜಮಾನ ಅವಳ ಮುಖ ನೋಡಿದ. ಅವನ ಅಪ್ಪನೂ ಎಲ್ಲೋ ಆಚೆಯ ಹುಲ್ಲುಗಾವಲಿನಲ್ಲಿ ಮಲಗಿದ್ದ. ಕೋಲು ಕೈಗೆ ಬಂದ ದಿನ ಅವನ ಗದ್ದದ ಕೆಳಗೆ ಇದೇ ಕಂಬಳಿ ಹಿಡಿದಿದ್ದವಳು ಈ ಅವ್ವನೇ. ಆ ಹನಿಗಳು ಈಗ ಅವಳ ಜೊತೆ ಕೆಳಗಿದ್ದವು. ಅವನು ನಿಧಾನವಾಗಿ ಕೈ ತೆಗೆದ.

ಕಂಬಳಿಯವಳು ಅತ್ತಳು. ದಿಬ್ಬದ ಮೇಲೆ ಬಿದ್ದು, ಮಣ್ಣನ್ನು ತಬ್ಬಿಕೊಂಡು, ಅವ್ವಾ ಅವ್ವಾ ಎಂದು ಕೂಗಿ ಅತ್ತಳು. ಅಷ್ಟು ದುಃಖ ಅವಳೊಳಗೆ ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಒಬ್ಬಳು ಮುದುಕಿ, "ಹೇಗೂ ಹೊರಡಲೇಬೇಕಲ್ಲ," ಎಂದು ದಿಬ್ಬದ ಪಕ್ಕ ಕೂತು ತನ್ನ ಗಂಡನಿಗಾಗಿ ಅಳಲು ಶುರುಮಾಡಿದಳು. ಹೌದಲ್ಲ ಎನಿಸಿತು ಎಲ್ಲರಿಗೂ. ಪೈಲ್ವಾನರು ಅತ್ತರು. ಅತ್ತೆ ಸೊಸೆಯರು ಒಬ್ಬರ ಹೆಗಲ ಮೇಲೊಬ್ಬರು ಅತ್ತರು. ಕಟ್ಟಳೆಗಾರ ಎಂದೋ ಸತ್ತ ತಂಗಿಯ ಹೆಸರು ಹಿಡಿದು ಅತ್ತ. ಯಜಮಾನ ಅಪ್ಪನಿಗಾಗಿ ಅತ್ತ. ಎಷ್ಟೋ ನದಿಗಳಾಚೆ ಬಿಟ್ಟು ಬಂದವರೆಲ್ಲರಿಗಾಗಿ ಆ ಒಂದೇ ದಿಬ್ಬದ ಮೇಲೆ ಅತ್ತರು. ದಿಬ್ಬ ಮಳೆಗೆ ಸಿಕ್ಕಂತೆ ನೆನೆದುಹೋಯಿತು. ಅತ್ತು ಮುಗಿದ ಮೇಲೆ ಎಲ್ಲರಿಗೂ ಹಸಿವಾಯಿತು, ಮತ್ತು ಯಾಕೋ ಮೈ ಹಗುರವಾಗಿತ್ತು.

ಸೂರ್ಯ ಇಳಿಯುತ್ತಿದ್ದ. ಕಟ್ಟಳೆ ಕಟ್ಟಳೆಯೇ. ಯಾರೂ ಕಂಬಳಿಯವಳನ್ನು ಬಯ್ಯಲಿಲ್ಲ. ಡೇರೆ ಇಳಿಸಿದರು, ಕೋಲು ಕಟ್ಟಿದರು, ಬೆಂಕಿ ಎತ್ತಿದರು. ಬಿರುಕು ಬಿಟ್ಟ ಬಂಡಿಗಳಿಗೆ ಎತ್ತು ಹೂಡಿದರು. ಕಂಬಳಿಯವಳು ಕುದುರೆ ಹತ್ತಿ, ದಿಬ್ಬ ಕಾಣುವಂತೆ ಹಿಂದಕ್ಕೆ ಮುಖ ಮಾಡಿ ಕೂತಳು. ಗಬ್ಬದ ಕುದುರೆಗಳ ಹೊಟ್ಟೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನವಣೆ ಬಿತ್ತುವವಳು ಎಂದಿನಂತೆ ಗಡಿಗೆ ಹೊತ್ತು ಬಂದಳು.

"ಅಯ್ಯೋ, ಎಲ್ಲಿಗೆ ಹೊರಟ್ರಿ?"

"ಗೊತ್ತಿಲ್ಲ ಕಣಕ್ಕ. ಕುದುರೆಗೆ ಗೊತ್ತು."

ಬಿಳಿ ಕುದುರೆಯ ಹಗ್ಗ ಬಿಚ್ಚಿದರು. ಅದು ಕಿವಿ ಕೊಡವಿ ಬೆಟ್ಟದ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಬಂಡಿಗಳು ಕಿರುಗುಟ್ಟಿದವು. ಕುದುರೆ ನಿಂತಿತು, ಮೂಗಿನ ಹೊಳ್ಳೆ ಅರಳಿಸಿತು, ಗಾಳಿಯನ್ನು ಎಳೆದುಕೊಂಡಿತು. ಆಮೇಲೆ ತಿರುಗಿತು. ಬಂಡಿಗಳ ಸಾಲಿನ ಪಕ್ಕದಲ್ಲೇ ಹಿಂದಕ್ಕೆ ನಡೆದು, ಕಟ್ಟಳೆಗಾರನನ್ನು ದಾಟಿ, ಯಜಮಾನನನ್ನು ದಾಟಿ, ನೇರವಾಗಿ ದಿಬ್ಬಕ್ಕೆ ಬಂತು. ತಲೆ ತಗ್ಗಿಸಿತು. ಒದ್ದೆ ಮಣ್ಣಿಗೆ ನಾಲಿಗೆ ಹಾಕಿತು. ಇಡೀ ಕುಲದ ಉಪ್ಪು ಅಲ್ಲಿತ್ತು.

ಯಜಮಾನ ಕೋಲನ್ನು ನೆಲಕ್ಕೆ ಬಡಿದ. ಕುದುರೆ ನೆಕ್ಕುತ್ತಿತ್ತು. ಇನ್ನೊಮ್ಮೆ ಬಡಿದ. ನೆಕ್ಕುತ್ತಿತ್ತು. ಮೂರನೆಯ ಸಲ ಮೆಲ್ಲಗೆ ಬಡಿದ, ಎಲ್ಲಿ ತಲೆ ಎತ್ತಿಬಿಡುತ್ತದೋ ಎಂದು. ಕುದುರೆ ಬಾಲ ಬೀಸಿ ನೊಣ ಓಡಿಸಿತು, ತಲೆ ಎತ್ತಲಿಲ್ಲ.

ಎಲ್ಲರೂ ಕಟ್ಟಳೆಗಾರನ ಕಡೆ ತಿರುಗಿದರು. ಅವನು ಗಡ್ಡ ಕೆರೆದ, ಮತ್ತೆ ಕೆರೆದ.

"ಅತ್ತಿದ್ದೀವಿ. ಹೊರಟಿದ್ದೀವಿ. ಕುದುರೆ ನಿಲ್ಲಿಸಿದೆ. ಕಟ್ಟಳೆ ಹೊರಡು ಅನ್ನುತ್ತೆ, ಎಷ್ಟು ದೂರ ಅಂತ ಹೇಳಿಲ್ಲ."

"ಕಣ್ಣೀರು ಬಿದ್ದ ನೆಲದ ಮೇಲೆ ಮಲಗಬಾರದಲ್ಲ?" ಎಂದು ಯಜಮಾನ ಕೇಳಿದ.

"ಬಿದ್ದಿದ್ದು ದಿಬ್ಬದ ಮೇಲೆ. ಅದರ ಮೇಲೆ ಯಾರು ಮಲಗ್ತಾರಯ್ಯ? ಅವಳೂ ಕೆಳಗೇ ಮಲಗಿದ್ದಾಳೆ."

ಮೊದಲು ನಕ್ಕವಳು ಕಂಬಳಿಯವಳು. ಕುದುರೆಯಿಂದ ಜಾರಿ ಇಳಿದಳು. ಡೇರೆಗಳು ಮತ್ತೆ ಎದ್ದವು, ಮೊದಲಿದ್ದ ಜಾಗದಿಂದ ಸ್ವಲ್ಪ ಸರಿದು, ದಿಬ್ಬದ ಸುತ್ತ. ನವಣೆ ಬಿತ್ತುವವಳು ಗಡಿಗೆ ಹೊತ್ತೇ ನಿಂತಿದ್ದಳು.

"ಅಲ್ಲಾ, ಅಷ್ಟೆಲ್ಲ ಕಟ್ಟಿ ಹೊರಟಿದ್ದು ಎಲ್ಲಿಗೆ?"

"ಇಲ್ಲಿಗೇ," ಎಂದಳು ಕಂಬಳಿಯವಳು. "ಗಂಜಿ ಇಳಿಸು, ತಣ್ಣಗಾಗುತ್ತೆ."

ಆ ಚಳಿಗಾಲದಲ್ಲಿ ಮರಿಗಳು ಹುಟ್ಟಿದವು. ಹಾಲು ಹೆಪ್ಪಿಗೆ ಹಾಕಿದರು, ಮೊಸರಾಯಿತು. ಅವ್ವನಿಗೆ ಕುದುರೆಯ ಉಪಾಯ ಮೊದಲೇ ಗೊತ್ತಿತ್ತೇ, ಇಲ್ಲವೇ? ಗೊತ್ತಿತ್ತು ಎನ್ನುವವರು ಒಂದು ಪಂಗಡ, ಪಾಪ ಅವಳಿಗೆ ನಿಜವಾಗಿಯೂ ಚಳಿಯಾಗಿತ್ತು ಎನ್ನುವವರು ಇನ್ನೊಂದು. ಈಗಲೂ ಈ ವಾದ ಮುಗಿದಿಲ್ಲ. ನಾನು ಮೊದಲನೆಯ ಪಂಗಡದವಳು.

ಆಮೇಲೂ ಜನ ಅತ್ತರು. ಅತ್ತಾಗಲೆಲ್ಲ ಡೇರೆ ಇಳಿಸು, ಕೋಲು ಕಟ್ಟು, ಬೆಂಕಿ ಎತ್ತು, ಹೊರಡು. ಬಿಳಿ ಕುದುರೆ ದಿಬ್ಬಕ್ಕೆ ಬರುತ್ತಿತ್ತು. ಅದರ ನಂತರ ಅದರ ಮಗಳು, ಮಗಳ ಮಗಳು, ಎಲ್ಲ ದಿಬ್ಬಕ್ಕೇ. ಕಾಲ ಕಳೆದಂತೆ ಡೇರೆ ಪೂರ್ತಿ ಇಳಿಸುವುದು ಬಿಟ್ಟು ಒಂದು ಕಂಬ ಎತ್ತಿ ಇಟ್ಟರೆ ಸಾಕೆಂದಾಯಿತು. ಕಂಬಗಳು ಕಲ್ಲಿನ ಗೋಡೆಗಳಾದ ಮೇಲೆ ಅದೂ ಕಷ್ಟವಾಯಿತು. ಉಳುವವರ ಹುಡುಗಿಯರು ಸೊಸೆಯರಾಗಿ ಬಂದು ಅತ್ತಾಗ, ಅವರ ಕಣ್ಣೀರನ್ನೂ ತಮ್ಮವರದೆಂದೇ ಲೆಕ್ಕ ಹಿಡಿದರು. ಊರಿಗೆ ಹೆಸರು ಅಂಟಿತು.

ಈಗ ನಮ್ಮೂರಿನಲ್ಲಿ ಯಾರಾದರೂ ಅತ್ತರೆ, ಸುತ್ತ ಕೂತವರು ಎದ್ದು ತಂತಮ್ಮ ಮಣೆಯನ್ನು ಒಂದು ಗೇಣು ಆಚೆ ಸರಿಸಿ ಮತ್ತೆ ಕೂರುತ್ತಾರೆ. ಹೊಸಬರು ನೋಡಿ ತಪ್ಪು ತಿಳಿಯುವುದುಂಟು, ಅಳುವವರ ಪಕ್ಕ ಕೂರಲು ಇವರಿಗೆ ಮನಸ್ಸಿಲ್ಲ ಎಂದು. ನಮಗೆ ಅರ್ಥ ಗೊತ್ತು. ಕಂಬಳಿ ಹಿಡಿಯುವವರು ಈಗ ಯಾರೂ ಇಲ್ಲ.

ಹೋದ ವರ್ಷ ನಮ್ಮವ್ವ ತೀರಿಕೊಂಡಳು. ನಾನು ದಿಬ್ಬದ ಹತ್ತಿರ ಕೂತು ಗಂಟಲು ಬಿಟ್ಟು ಅತ್ತೆ. ಅಳುವಿನ ನಡುವೆ ಒಂದು ಸದ್ದು ಕೇಳಿಸಿತು. ಪಕ್ಕದ ಮನೆಯಲ್ಲಿ ಮಣೆ ಸರಿಯಿತು, ಅದರಾಚೆಯ ಮನೆಯಲ್ಲಿ ಸರಿಯಿತು, ಬೀದಿ ಉದ್ದಕ್ಕೂ, ಹೊಳೆಯ ಅಂಚಿನವರೆಗೂ ಮಣೆಗಳು ಸರಿಯುತ್ತಲೇ ಹೋದವು. ನನ್ನೊಬ್ಬಳ ದುಃಖಕ್ಕೆ ಇಡೀ ಕುಲ ಗುಳೆ ಹೊರಟಿತ್ತು, ಒಂದು ಗೇಣು ದೂರ.